ದಾವಣಗೆರೆ ಗೃಹಪ್ರವೇಶದ ಮರುದಿನ ಚುನಾವಣಾ ಭಾಷಣ: ಕೇಳೋಕೆ ಹೋಗಬಹುದಾ?

ದೋಸೆಪ್ರಿಯ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಈ ಶನಿವಾರ ದಾವಣಗೆರೆ ವಿದ್ಯಾನಗರದಲ್ಲಿ ನಮ್ಮ ಕಾಲೇಜು ಗೆಳೆಯನ ಹೊಸ ಮನೆ ಗೃಹಪ್ರವೇಶ. ಬೆಂಗಳೂರಿನಿಂದ ನಾನು, ಹುಬ್ಬಳ್ಳಿಯಿಂದ ಇಬ್ಬರು, ಶಿವಮೊಗ್ಗದಿಂದ ಒಬ್ಬ, ಹೀಗೆ ಹಳೇ ಹಾಸ್ಟೆಲ್ ಗ್ಯಾಂಗ್ ಸೇರುತ್ತಿದೆ. ಎಲ್ಲರಿಗೂ ಮದುವೆ ಮಕ್ಕಳು ಅಂತ ಆದ ಮೇಲೆ ಹೀಗೆ ಒಟ್ಟಿಗೆ ಕೂತಿದ್ದೇ ಕಡಿಮೆ. ಶನಿವಾರ ಪೂಜೆ, ಹೋಳಿಗೆ ಊಟ, ರಾತ್ರಿ ತಾರಸಿ ಮೇಲೆ ಹರಟೆ. ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ, ಅದರ ಬಗ್ಗೆ ಚರ್ಚೆಯೇ ಇಲ್ಲ.

ಚರ್ಚೆ ಇರೋದು ಮಧ್ಯಾಹ್ನದ ಬಗ್ಗೆ. 2024ರ ಮೇ 7ಕ್ಕೆ ಅಲ್ಲಿ ಲೋಕಸಭೆ ಮತದಾನ, ಅದಕ್ಕೆ ಮುಂಚಿನ ಕೊನೆ ಭಾನುವಾರ ಇದು, ಊರಲ್ಲಿ ಒಂದು ಪಕ್ಷದ ದೊಡ್ಡ ಸಭೆ ಇದೆಯಂತೆ. ಯಾವ ಪಕ್ಷ ಅಂತ ಹೇಳುವುದಿಲ್ಲ, ಹೇಳಿದರೆ ಉತ್ತರದ ಬದಲು ಜಗಳ ಬರುತ್ತದೆ. ನಾನು ಇವತ್ತಿನವರೆಗೆ ಒಂದೇ ಒಂದು ರಾಜಕೀಯ ಭಾಷಣವನ್ನೂ ಮೈದಾನದಲ್ಲಿ ನಿಂತು ಕೇಳಿಲ್ಲ. ಎಲ್ಲ ಮೊಬೈಲಿನಲ್ಲೇ, ಅದೂ ಮೂವತ್ತು ಸೆಕೆಂಡಿನ ತುಣುಕು. ಒಂದು ಸಲ ಪೂರ್ತಿ ಕೇಳೋಣ ಅನ್ನೋ ಆಸೆ, ಅಷ್ಟೇ. ನನ್ನ ವೋಟು ಬೆಂಗಳೂರಿನಲ್ಲಿತ್ತು, ಏಪ್ರಿಲ್ 26ಕ್ಕೇ ಹಾಕಿ ಆಯಿತು.

ಕೇಳಬೇಕಿರೋದು ಇಷ್ಟು. ಪಕ್ಷದವನಲ್ಲದವನು ಸುಮ್ನೆ ಹೋಗಿ ನಿಲ್ಲಬಹುದಾ, ಯಾರಾದರೂ ತಡೆಯುತ್ತಾರಾ? ಎಲ್ಲಿ ನಿಂತರೆ ಸರಿಯಾಗಿ ಕೇಳಿಸುತ್ತದೆ? ನಮ್ಮ ಗ್ಯಾಂಗಿನಲ್ಲಿ ಒಬ್ಬ ಸರ್ಕಾರಿ ಹೈಸ್ಕೂಲ್ ಮೇಷ್ಟ್ರು, ಅವನನ್ನೂ ಎಳೆದುಕೊಂಡು ಹೋಗಬಹುದಾ? ಇನ್ನೊಂದು, ಹುಬ್ಬಳ್ಳಿಯ ಇಬ್ಬರೂ ಎದುರುಬದುರು ಪಕ್ಷ, ವಾಟ್ಸಾಪ್ ಗ್ರೂಪಿನಲ್ಲೇ ಮಾತು ಬಿಟ್ಟಿದ್ದಾರೆ. ಗೃಹಪ್ರವೇಶದ ಮನೆಯಲ್ಲಿ ಇವರ ರಾಮಾಯಣ ಶುರುವಾದರೆ ಏನು ಮಾಡೋದು?

ಮಂಡಕ್ಕಿಸೆಟ್:

ಬನ್ನಿ ಬನ್ನಿ. ಆರಾಮಾಗಿ ಹೋಗಬಹುದು, ಯಾರೂ ಗುರುತಿನ ಚೀಟಿ ಕೇಳುವುದಿಲ್ಲ. ಬಹಿರಂಗ ಸಭೆ ಅಂದ ಮೇಲೆ ಎಲ್ಲರಿಗೂ ಬಾಗಿಲು ತೆರೆದೇ ಇರುತ್ತದೆ. ವೇದಿಕೆ ಮುಂದಿನ ಸೋಫಾ ಸಾಲು ಮತ್ತು ಬ್ಯಾರಿಕೇಡ್ ಒಳಗಿನ ಜಾಗಕ್ಕೆ ಮಾತ್ರ ಪಾಸ್ ಬೇಕು.

ನಮ್ಮೂರಿನ ಜನಕ್ಕೆ ಸಮಾವೇಶ ಹೊಸದಲ್ಲ. ರಾಜ್ಯದ ಹೆಚ್ಚು ಕಡಿಮೆ ನಡುವೆ ಇದ್ದೇವೆ, ಹೆದ್ದಾರಿ ಇದೆ, ರೈಲು ಇದೆ, ಹಾಗಾಗಿ ಯಾವ ಪಕ್ಷಕ್ಕೆ ಶಕ್ತಿ ತೋರಿಸಬೇಕು ಅನ್ನಿಸಿದರೂ ಮೊದಲು ನೆನಪಾಗೋದು ದಾವಣಗೆರೆ. 2022ರ ಆಗಸ್ಟ್ 3ಕ್ಕೆ ಸಿದ್ದರಾಮಯ್ಯನವರ 75ನೇ ಹುಟ್ಟುಹಬ್ಬದ ಸಮಾವೇಶ ಆದಾಗ ಹೆದ್ದಾರಿಯಲ್ಲಿ ಕಿಲೋಮೀಟರ್‌ಗಟ್ಟಲೆ ಗಾಡಿ ನಿಂತಿದ್ದವು. ಮೈದಾನ ತಲುಪದೆ ರಸ್ತೆಯಿಂದಲೇ ವಾಪಸ್ ಹೋದವರು ಎಷ್ಟೋ ಜನ. 2023ರ ಮಾರ್ಚ್ 25ಕ್ಕೆ ಮೋದಿಯವರು ಬಂದಾಗಲೂ ಊರು ತುಂಬಿ ಹೋಗಿತ್ತು. ಅದಕ್ಕೇ ಹೇಳೋದು, ಕಾರು ಗೆಳೆಯನ ಮನೆಯಲ್ಲೇ ಬಿಡಿ. ನಡೆಯಿರಿ, ಇಲ್ಲವೇ ಅರ್ಧ ದಾರಿಗೆ ಆಟೊ ಮಾಡಿ. ಪಿ.ಬಿ. ರಸ್ತೆಯಲ್ಲಿ ಒಮ್ಮೆ ಸಿಕ್ಕಿಕೊಂಡರೆ ಭಾಷಣ ಕಾರಿನಲ್ಲೇ ಕೇಳಬೇಕಾಗುತ್ತದೆ.

ಊಟದ ಬಗ್ಗೆ ಕೇಳದೇ ಹೇಳುತ್ತೇನೆ. ದೋಸೆಗೆ ಎಂಟೂವರೆ ಒಳಗೆ ಹೋಗಿ, ಆಮೇಲೆ ಹೊರಗಡೆಯಿಂದ ಬಂದ ಕಾರ್ಯಕರ್ತರ ದಂಡು ಬರುತ್ತದೆ. ಸಂಜೆ ಸಭೆ ಮುಗಿದ ಮೇಲೆ ಖಾರ ಮಂಡಕ್ಕಿ, ಮೆಣಸಿನಕಾಯಿ. ನರ್ಗಿಸ್ ಮಂಡಕ್ಕಿ ತಿನ್ನದೆ ಹೋದರೆ ನಿಮ್ಮ ಗೆಳೆಯ ನಿಮ್ಮನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಅರ್ಥ.

ಸುಮ್ನೆಓದುವವನು:

ಇಷ್ಟೆಲ್ಲ ಯಾಕೆ ಸ್ವಾಮಿ? ಯೂಟ್ಯೂಬ್‌ನಲ್ಲಿ ಲೈವ್ ಬರುತ್ತದೆ, ಫ್ಯಾನ್ ಕೆಳಗೆ ಕೂತು ನೋಡಿ. ಮೇ ಬಿಸಿಲಲ್ಲಿ ನಾಲ್ಕು ಗಂಟೆ ನಿಂತು ಕೇಳೋ ಅಂಥದ್ದು ಅಲ್ಲಿ ಏನೂ ಇರುವುದಿಲ್ಲ. ಬೆಳಿಗ್ಗೆ ಬೇರೆ ಊರಲ್ಲಿ ಹೇಳಿದ್ದನ್ನೇ ಮಧ್ಯಾಹ್ನ ಇಲ್ಲಿ ಹೇಳುತ್ತಾರೆ, ಊರಿನ ಹೆಸರು ಮಾತ್ರ ಬದಲು. ಮೈದಾನದಲ್ಲಿರೋ ಅರ್ಧ ಜನ ಬಸ್ಸಿನಲ್ಲಿ ಕರೆತಂದವರು, ಅವರಿಗೂ ಭಾಷಣ ಬೇಕಿಲ್ಲ, ಊಟದ ಪೊಟ್ಟಣ ಯಾವಾಗ ಅನ್ನೋದೇ ಚಿಂತೆ. ವರ್ಷಕ್ಕೊಮ್ಮೆ ಸಿಗೋ ಗೆಳೆಯರ ಜೊತೆ ಅಷ್ಟೊತ್ತು ಹರಟೆ ಹೊಡೆಯಿರಿ, ಪುಣ್ಯ ಬರುತ್ತದೆ.

ಶಾಮಿಯಾನ_ಸೌಂಡ್:

ನಾನು ಪೆಂಡಾಲ್, ಧ್ವನಿವರ್ಧಕದ ಕೆಲಸ ಮಾಡುವವನು. ಎಲ್ಲ ಪಕ್ಷಕ್ಕೂ ಹಾಕುತ್ತೇನೆ, ಹಾಗಾಗಿ ನನಗೆ ಪಕ್ಷ ಇಲ್ಲ, ಬಾಕಿ ಮಾತ್ರ ಇದೆ.

ಮೊದಲು ಕೇಳಿಸೋ ವಿಷಯ. ವೇದಿಕೆ ಪಕ್ಕದ ದೊಡ್ಡ ಸ್ಪೀಕರ್ ಕಟ್ಟಿರುವಲ್ಲಿ ನಿಂತರೆ ಎದೆ ನಡುಗುತ್ತದೆ, ಮಾತು ಅರ್ಥ ಆಗುವುದಿಲ್ಲ. ತೀರಾ ಹಿಂದೆ ಹೋದರೆ ಒಂದೇ ಮಾತು ಎರಡೆರಡು ಸಲ ಕೇಳುತ್ತದೆ. ಯಾಕೆ ಅಂದರೆ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಹೋಗುತ್ತದೆ, ಆದರೆ ವೈರಿನಲ್ಲಿ ಕರೆಂಟು ಆ ಕ್ಷಣಕ್ಕೇ ಹೋಗಿರುತ್ತದೆ. ವೇದಿಕೆಯ ಧ್ವನಿ ನೂರು ಮೀಟರ್ ದಾಟಿ ನಿಮ್ಮ ಹತ್ತಿರ ಬರುವಷ್ಟರಲ್ಲಿ ನಿಮ್ಮ ಪಕ್ಕದ ಕಂಬದ ಸ್ಪೀಕರ್ ಅದನ್ನು ಹೇಳಿ ಮುಂದಿನ ಮಾತಿಗೆ ಹೋಗಿರುತ್ತದೆ. ಹಿಂದಿನ ಸ್ಪೀಕರಿನ ಧ್ವನಿ ಅಷ್ಟೇ ತಡವಾಗಿ ಬರುವ ಹಾಗೆ ಅಳೆದು ಡಿಲೇ ಹಾಕಿದರೆ ಸರಿಹೋಗುತ್ತದೆ, ಆದರೆ ಹಿಂದಿನ ರಾತ್ರಿ ಮೈದಾನ ಬಿಟ್ಟುಕೊಟ್ಟು ಬೆಳಿಗ್ಗೆ ರೆಡಿ ಇರಬೇಕು ಅಂದರೆ ಯಾರು ಅಳೆಯುತ್ತಾರೆ? ನಿಮಗೊಂದು ಗುಟ್ಟು ಹೇಳುತ್ತೇನೆ. ಮೈದಾನದ ಮಧ್ಯೆ ಮಿಕ್ಸರ್ ಇಟ್ಟಿರೋ ಸಣ್ಣ ಟೆಂಟ್ ಇರುತ್ತದೆ, ಅದರ ಪಕ್ಕ ನಿಲ್ಲಿ. ಧ್ವನಿ ಹೊಂದಿಸುವ ಹುಡುಗ ತನ್ನ ಕಿವಿಗೆ ಸರಿ ಕಾಣುವಂತೆ ಹೊಂದಿಸುತ್ತಾನೆ, ಅಲ್ಲಿ ಕೇಳಿಸಿದಷ್ಟು ಚೆನ್ನಾಗಿ ಬೇರೆಲ್ಲೂ ಕೇಳಿಸುವುದಿಲ್ಲ.

ಇನ್ನು ಸಮಯ. ಪೋಸ್ಟರಿನಲ್ಲಿ 2 ಗಂಟೆ ಅಂತ ಇದ್ದರೆ ಅದು ಜನ ಸೇರಬೇಕಾದ ಸಮಯ. ನಾಯಕರಿಗೆ ಒಂದೇ ದಿನ ಮೂರ್ನಾಲ್ಕು ಊರು ಇರುತ್ತದೆ, ಮೊದಲನೆಯದರಲ್ಲಿ ಅರ್ಧ ಗಂಟೆ ತಡ ಆದರೆ ಕೊನೆಯ ಊರಿಗೆ ಎರಡು ಗಂಟೆ ತಡ. ಹೆಲಿಕಾಪ್ಟರಿನಲ್ಲಿ ಬರುವವರಾದರೆ ಇನ್ನೊಂದು ಗಡಿ ಇದೆ. ಮೈದಾನದಲ್ಲಿ ಸುಣ್ಣ ಬಳಿದು ಮಾಡಿದ ತಾತ್ಕಾಲಿಕ ಹೆಲಿಪ್ಯಾಡಿನಿಂದ ಕತ್ತಲಾದ ಮೇಲೆ ಹಾರುವ ಹಾಗಿಲ್ಲ. ತಡವಾಗಿ ಬಂದವರು ಹತ್ತೇ ನಿಮಿಷ ಮಾತಾಡಿ ಓಡೋದು ಅದಕ್ಕೇ, ಜನರ ಮೇಲೆ ಸಿಟ್ಟಿನಿಂದ ಅಲ್ಲ. ಈ ಭಾನುವಾರ ಮತ್ತೂ ಬಿಗಿ. ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲಬೇಕು, ಅಂದರೆ ಸಂಜೆ 6ಕ್ಕೆ ಮೈಕ್ ಬಂದ್. ಆರು ಗಂಟೆ ಆದರೆ ಪೊಲೀಸರು ನಮ್ಮ ಮುಖ ನೋಡುತ್ತಾರೆ, ನಾವು ಸಂಘಟಕರ ಮುಖ ನೋಡುತ್ತೇವೆ.

ಹೊರಗಿನವನು ಅಂತ ನೀವು ತಲೆ ಕೆಡಿಸಿಕೊಳ್ಳಬೇಡಿ. ಪ್ರಚಾರ ಮುಗಿದ ಮೇಲೆ ಕ್ಷೇತ್ರ ಬಿಡಬೇಕಾದವರು ಆ ಕ್ಷೇತ್ರದ ಮತದಾರರಲ್ಲದ ರಾಜಕೀಯ ಮುಖಂಡರು, ಪ್ರಚಾರಕ್ಕೆ ಬಂದ ಕಾರ್ಯಕರ್ತರು. ಹೋಳಿಗೆ ತಿನ್ನಲು ಬಂದವರಲ್ಲ.

ನೀವು ನೋಡಬೇಕಾದ ಒಂದು ತಮಾಷೆ ಇದೆ. ಕ್ಯಾಮೆರಾ ಹಿಡಿದು ವೇದಿಕೆ ಬಿಟ್ಟು ಕುರ್ಚಿ, ಫ್ಲೆಕ್ಸ್, ಬಸ್ಸು, ಪೆಂಡಾಲ್ ಕಂಬ ಶೂಟ್ ಮಾಡುವವರು ಇರುತ್ತಾರೆ. ಮದುವೆ ವಿಡಿಯೊದವರು ದಾರಿ ತಪ್ಪಿ ಬಂದರಾ ಅನ್ನಿಸುತ್ತದೆ. ಅವರು ಚುನಾವಣಾ ವೆಚ್ಚ ನೋಡುವ ತಂಡ. ಲೋಕಸಭೆಗೆ ಒಬ್ಬ ಅಭ್ಯರ್ಥಿ ನಮ್ಮ ರಾಜ್ಯದಲ್ಲಿ 95 ಲಕ್ಷ ರೂಪಾಯಿ ಮಾತ್ರ ಖರ್ಚು ಮಾಡಬಹುದು. ಕುರ್ಚಿಗೆ ಎಷ್ಟು, ಚಹಾಕ್ಕೆ ಎಷ್ಟು ಅಂತ ಜಿಲ್ಲೆಯಲ್ಲಿ ದರಪಟ್ಟಿ ಇರುತ್ತದೆ, ವಿಡಿಯೊ ನೋಡಿ ಲೆಕ್ಕ ಹಾಕುತ್ತಾರೆ. ತಾರಾ ಪ್ರಚಾರಕರ ಓಡಾಟದ ಖರ್ಚು ಪಕ್ಷಕ್ಕೆ ಹೋಗುತ್ತದೆ, ಆದರೆ ಅಭ್ಯರ್ಥಿ ಅವರ ಜೊತೆ ವೇದಿಕೆ ಹತ್ತಿದರೆ ಸಭೆಯ ಖರ್ಚಿನಲ್ಲಿ ಪಾಲು ಅಭ್ಯರ್ಥಿಯ ತಲೆಗೆ ಬರುತ್ತದೆ. ಕೆಲವು ಕಡೆ ಅಭ್ಯರ್ಥಿ ವೇದಿಕೆ ಕೆಳಗೇ ಕೈಮುಗಿದು ನಿಂತಿರುತ್ತಾರೆ, ವಿನಯ ಅಂತ ಜನ ಅಂದುಕೊಳ್ಳುತ್ತಾರೆ.

ನೀರಿನ ಬಾಟಲಿ, ಬ್ಯಾಗು ಗೇಟಿನಲ್ಲಿ ಬಿಡಿಸಬಹುದು. ಕಪ್ಪು ಶರ್ಟ್ ಬೇಡ. ದೊಡ್ಡವರ ಸಭೆಗಳಲ್ಲಿ ಕಪ್ಪು ಬಟ್ಟೆ ಕಂಡರೆ ಪ್ರತಿಭಟನೆಗೆ ಬಂದವರು ಅಂತ ಪೊಲೀಸರು ತಡೆದಿದ್ದು ಇದೆ.

ಮಲೆಬೆನ್ನೂರಿನಾಕೆ:

ಸುಮ್ನೆಓದುವವರೇ, ಬಸ್ಸಿನಲ್ಲಿ ಬಂದವರಿಗೆ ಕಿವಿ ಇರುವುದಿಲ್ಲ ಅಂತ ಯಾರು ಹೇಳಿದರು ನಿಮಗೆ? ನಮ್ಮ ಕಡೆ ಹೆಂಗಸರನ್ನು ಸಂಘದ ಲೆಕ್ಕದಲ್ಲಿ ಕರೆದುಕೊಂಡು ಹೋಗುತ್ತಾರೆ, ನಿಜ. ಒಂದು ಬಸ್ಸಿಗೆ ಇಷ್ಟು ಜನ ಅಂತ ಲೆಕ್ಕ ಇರುತ್ತದೆ, ಅದೂ ನಿಜ. ಕೂಲಿ ಬಿಟ್ಟು ಬಂದವರು ಊಟ ಕೇಳಿದರೆ ತಪ್ಪಾ? ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಏನು ಮಾತಾಗುತ್ತದೆ ಅಂತ ಒಮ್ಮೆ ಕೂತು ಕೇಳಿ. ಅವನು ಹೇಳಿದ್ದರಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಹೋದ ಸಲ ಇದೇ ಮಾತು ಯಾರು ಹೇಳಿದ್ದರು, ಎಲ್ಲ ಅಲ್ಲೇ ತೀರ್ಮಾನ ಆಗುತ್ತದೆ. ಒಂದು ಪಕ್ಷದ ಸಭೆಗೆ ಹೋಗಿ ಬಂದು ಇನ್ನೊಂದಕ್ಕೆ ವೋಟು ಹಾಕಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ದೋಸೆಪ್ರಿಯ ಅವರಿಗೆ: ಹೆಂಡತಿ, ಅಕ್ಕ ತಂಗಿ ಜೊತೆಗೆ ಬರುತ್ತಿದ್ದರೆ ಮುಂದೆ ನುಗ್ಗಬೇಡಿ. ಹೆಂಗಸರಿಗೆ ಬೇರೆ ಬ್ಯಾರಿಕೇಡ್ ಇರುತ್ತದೆ, ಒಳಗೆ ಹೋದರೆ ಸಭೆ ಮುಗಿಯುವವರೆಗೂ ಹೊರಗೆ ಬರೋದು ಕಷ್ಟ. ಶೌಚಾಲಯದ ಗತಿ ಕೇಳಲೇಬೇಡಿ. ಬಿಸಿಲಿಗೆ ಹೆದರಿ ನೀರು ಕುಡಿಯಬೇಕು, ಶೌಚಾಲಯಕ್ಕೆ ಹೆದರಿ ನೀರು ಬಿಡಬೇಕು, ಇದು ನಮ್ಮ ಪಾಡು. ಅಂಚಿನಲ್ಲಿ ನಿಲ್ಲಿ, ಹೊರಗೆ ಹೋಗುವ ದಾರಿ ಕಣ್ಣಿಗೆ ಕಾಣುತ್ತಿರಲಿ.

ಮತ್ತೆ ದೊಡ್ಡ ನಾಯಕರು ಬರೋ ಮುಂಚೆ ಹೋಗಿ. ಆವಾಗ ಮಾತಾಡೋರು ನಮ್ಮೂರಿನವರು. ಸಮಯ ತಳ್ಳೋಕೆ ಅಂತ ಅವರ ಕೈಗೆ ಮೈಕ್ ಕೊಟ್ಟಿರುತ್ತಾರೆ, ಆದರೆ ಕೆಲಸದ ಮಾತು ಇದ್ದರೆ ಅಲ್ಲೇ ಇರುತ್ತದೆ.

ಹಳೇಮೇಷ್ಟ್ರು:

ನಿಮ್ಮ ಮೇಷ್ಟ್ರು ಗೆಳೆಯನನ್ನು ದಯವಿಟ್ಟು ಮನೆಯಲ್ಲೇ ಬಿಡಿ. ಸರ್ಕಾರಿ ನೌಕರರಿಗೆ 2021ರ ನಡತೆ ನಿಯಮಗಳಿವೆ, ರಾಜಕೀಯ ಪಕ್ಷದ ಚಟುವಟಿಕೆಯಲ್ಲಿ ಭಾಗವಹಿಸುವ ಹಾಗಿಲ್ಲ. ನಾನು ಸುಮ್ನೆ ಕೇಳೋಕೆ ಹೋಗಿದ್ದೆ ಅಂತ ಅವನು ಹೇಳಬಹುದು. ಆದರೆ ಪಕ್ಕದವನು ಅವನ ಹೆಗಲಿಗೆ ಶಾಲು ಹಾಕಿ ಫೋಟೋ ತೆಗೆದರೆ, ಅದು ಫೇಸ್‌ಬುಕ್ಕಿಗೆ ಹೋದರೆ, ನೋಟಿಸಿಗೆ ಉತ್ತರ ಬರೆಯೋದು ಅವನೇ. ಅವನಿಗೆ ಚುನಾವಣೆ ಡ್ಯೂಟಿ ಬೇರೆ ಬಿದ್ದಿರುತ್ತದೆ, ಮಲಗಿಕೊಳ್ಳಲಿ ಬಿಡಿ.

ನಾನು ನಿವೃತ್ತನಾಗಿ ಸುಮಾರು ವರ್ಷ ಆಯಿತು, ಈಗ ಯಾರ ಭಾಷಣಕ್ಕಾದರೂ ಹೋಗುತ್ತೇನೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋಗುತ್ತಿದ್ದೆ. ಜೆ.ಎಚ್. ಪಟೇಲರು ನಮ್ಮ ಚನ್ನಗಿರಿ ಕಡೆಯವರು. 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲೇ ಮಾತಾಡಿದವರು ಅಂತ ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಅವರು ಮುಖ್ಯಮಂತ್ರಿ ಆಗಿದ್ದಾಗಲೇ 1997ರಲ್ಲಿ ದಾವಣಗೆರೆ ಜಿಲ್ಲೆ ಆಗಿದ್ದು. ಅವರ ಮಾತಿಗೆ ಎದುರು ಪಕ್ಷದವರೂ ನಗುತ್ತಿದ್ದರು. ಈಗ ಎದುರು ಪಕ್ಷದವರು ಆ ಮೈದಾನದ ರಸ್ತೆಯಲ್ಲೂ ಹಾಯುವುದಿಲ್ಲ, ನಷ್ಟ ಅವರದೇ.

1999ರಲ್ಲಿ ಹೊಸಪೇಟೆಯಲ್ಲಿದ್ದೆ. ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರು ಬದುರು. ಸುಷ್ಮಾ ಕೆಲವೇ ವಾರದಲ್ಲಿ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು, ಜನ ಮುಗಿಬಿದ್ದರು. ಆದರೆ ಗೆದ್ದಿದ್ದು ಸೋನಿಯಾ, 56,100 ಮತಗಳಿಂದ. ಗೆದ್ದವರು ಅಮೇಠಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು, ಸೋತವರು ಎಷ್ಟೋ ವರ್ಷ ವರಮಹಾಲಕ್ಷ್ಮಿ ಪೂಜೆಗೆ ಬಳ್ಳಾರಿಗೆ ಬರುತ್ತಿದ್ದರು. ಭಾಷಣದಿಂದ ವೋಟು ಬೀಳುತ್ತದೆ ಅಂತ ಯಾರಾದರೂ ಗಟ್ಟಿಯಾಗಿ ಹೇಳಿದರೆ ನನಗೆ ಇದು ನೆನಪಾಗುತ್ತದೆ.

ಹುಬ್ಬಳ್ಳಿಯ ಜೋಡಿ ಬಗ್ಗೆ: ಇಬ್ಬರನ್ನೂ ಊಟ ಬಡಿಸೋಕೆ ನಿಲ್ಲಿಸಿ. ಒಬ್ಬನ ಕೈಗೆ ಅನ್ನ, ಇನ್ನೊಬ್ಬನ ಕೈಗೆ ಸಾರು. ಒಬ್ಬನ ಹಿಂದೆ ಒಬ್ಬ ಹೋಗಲೇಬೇಕು, ಮಾತು ಬಿಟ್ಟರೆ ನಡೆಯುವುದಿಲ್ಲ.

ದೋಸೆಪ್ರಿಯ:

ವಾಪಸ್ ಬಂದೆ. ಎಲ್ಲರಿಗೂ ಥ್ಯಾಂಕ್ಸ್, ಬರೆಯೋಕೆ ತಡ ಆಯಿತು. ರಾತ್ರಿ ರಾಣಿ ಚೆನ್ನಮ್ಮ ರೈಲು ಹಿಡಿದು ಸೀದಾ ಆಫೀಸಿಗೆ ಹೋಗಿದ್ದೆ.

ಹಳೇಮೇಷ್ಟ್ರ ಐಡಿಯಾ ಮುಕ್ಕಾಲು ಕೆಲಸ ಮಾಡಿತು. ಇಬ್ಬರೂ ಬಡಿಸಿದರು, ಹೋಳಿಗೆ ಮೇಲೆ ತುಪ್ಪ ಯಾರು ಜಾಸ್ತಿ ಹಾಕುತ್ತಾರೆ ಅಂತ ಪೈಪೋಟಿ ಬೇರೆ. ರಾತ್ರಿ ತಾರಸಿ ಮೇಲೆ ಮಾತ್ರ ಶುರುವಾಯಿತು. ಗ್ಯಾರಂಟಿ, ಜಿಎಸ್‌ಟಿ ಪಾಲು, ಬರ ಪರಿಹಾರ, ಒಂದಾದ ಮೇಲೆ ಒಂದು. ಇಬ್ಬರೂ ಮೊಬೈಲ್ ತೆಗೆದು ತಮ್ಮ ತಮ್ಮ ವಿಡಿಯೊ ತೋರಿಸೋಕೆ ಹೊರಟಾಗ ಗೆಳೆಯನ ಅಮ್ಮ ಕೆಳಗಿಂದಲೇ ಕೂಗಿದರು, ಹೊಸ ಮನೆಗೆ ಬಂದ ಮೊದಲನೇ ರಾತ್ರಿ ಅಕ್ಕಪಕ್ಕದವರಿಗೆ ನಾವು ಹೆಂಥವರು ಅಂತ ಗೊತ್ತಾಗೋದು ಬೇಡ, ದನಿ ಇಳಿಸಿ ಅಂತ. ಆಮೇಲೆ ಪಿಸುಮಾತಿನಲ್ಲಿ ಜಗಳ ಆಡಿದರು. ಪಿಸುಮಾತಿನಲ್ಲಿ ಜಿಎಸ್‌ಟಿ ಬಗ್ಗೆ ಜಗಳ ಆಡೋದನ್ನು ನೋಡಬೇಕು ನೀವು. ನಮಗೆಲ್ಲ ನಕ್ಕೂ ನಕ್ಕೂ ಹೊಟ್ಟೆ ನೋವು.

ಭಾನುವಾರ ನಮ್ಮ ಮೇಷ್ಟ್ರು ಗೆಳೆಯನನ್ನು ಮಲಗಲು ಬಿಟ್ಟು ನಾವು ಹೊರಟೆವು. ಹುಬ್ಬಳ್ಳಿಯವರಿಬ್ಬರೂ ಬಂದರು. ಒಬ್ಬ ಚಪ್ಪಾಳೆ ಹೊಡೆಯೋಕೆ, ಇನ್ನೊಬ್ಬ ಸುಳ್ಳು ಹಿಡಿಯೋಕೆ ಅಂತೆ. ಶಾಮಿಯಾನದವರು ಹೇಳಿದ ಮಿಕ್ಸರ್ ಟೆಂಟ್ ಪಕ್ಕ ಜಾಗ ಸಿಕ್ಕಿತು, ನಿಜವಾಗಲೂ ಅಲ್ಲಿ ಎಲ್ಲ ಸ್ಪಷ್ಟ. ಹಗ್ಗದ ಪಕ್ಕ ಒಬ್ಬರು ಎಳನೀರು ಗಾಡಿ ನಿಲ್ಲಿಸಿಕೊಂಡಿದ್ದರು. ಪ್ರತಿ ಘೋಷಣೆಗೂ ಕೂಗೋರು ಮುಂದೆ, ಪ್ರತಿ ಘೋಷಣೆಗೂ ಗಂಟಲು ಒಣಗಿ ಬರೋರು ಇವರ ಹತ್ತಿರ.

ನಾಯಕರು ಬರೋ ಮುಂಚೆ ಆರೇಳು ಜನ ಮಾತಾಡಿದರು. ಜಾಸ್ತಿ ಜನ ವೇದಿಕೆ ಮೇಲಿದ್ದವರ ಹೆಸರು ಹೇಳೋದರಲ್ಲೇ ಸಮಯ ಕಳೆದರು, ಒಂದು ಹೆಸರು ಬಿಟ್ಟು ಹೋದರೆ ಹಿಂದಿನಿಂದ ಚೀಟಿ ಬರುತ್ತಿತ್ತು. ಆಮೇಲೆ ಒಬ್ಬ ಪಂಚಾಯಿತಿ ಸದಸ್ಯೆಗೆ ಮೈಕ್ ಸಿಕ್ಕಿತು. ಹೆಸರು ಹೇಳುವ ಗೋಜಿಗೇ ಹೋಗಲಿಲ್ಲ. ಭದ್ರಾ ನಾಲೆಯ ಕೊನೆ ಭಾಗದ ಊರು ಅವರದು. ಈ ವರ್ಷ ಮಳೆ ಇಲ್ಲ, 223 ತಾಲ್ಲೂಕು ಬರ ಅಂತ ಘೋಷಣೆ ಆಗಿದೆ, ಅದೆಲ್ಲ ಗೊತ್ತು ಅಂದರು. ಆದರೆ ಡ್ಯಾಮಿನಿಂದ ನೀರು ಬಿಟ್ಟ ದಿನವೂ ನಮ್ಮ ತನಕ ಯಾಕೆ ಬರುವುದಿಲ್ಲ, ಮೇಲಿನವರು ನಾಲೆಗೆ ಪಂಪ್ ಇಟ್ಟರೆ ಕೇಳೋರು ಯಾರು, ಅಡಿಕೆ ತೋಟಕ್ಕೆ ಟ್ಯಾಂಕರ್ ತರಿಸಿ ತರಿಸಿ ಸಾಲ ಎಷ್ಟಾಗಿದೆ ಅಂತ ಕೇಳಿದರು. ತಮ್ಮ ಪಕ್ಷದವರೇ ಪಕ್ಕದಲ್ಲಿ ಕೂತಿದ್ದರು, ಅವರ ಕಡೆ ತಿರುಗಿಯೇ ಕೇಳಿದರು. ನಮ್ಮ ಮುಂದೆ ಕೂತಿದ್ದ ಅಜ್ಜ ಒಬ್ಬರು ಅಷ್ಟೊತ್ತೂ ಬಾಗಿ ಬೀಡಿ ಹುಡುಕುತ್ತಿದ್ದವರು ತಲೆ ಎತ್ತಿ, ಹೌದೇಳು ಅಂದರು. ಅಲ್ಲಲ್ಲಿ ಹೌದು ಹೌದು ಅನ್ನೋದು ಕೇಳಿಸಿತು. ಇದಕ್ಕೆ ಕೂಗು ಹಾಕಿ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ನಿರೂಪಕ ಬಂದು, ಸಮಯ ಆಯಿತಮ್ಮ ಅಂತ ಮೈಕ್ ತಗೊಂಡ.

ಆಮೇಲೆ ಹೆಲಿಕಾಪ್ಟರ್ ಬಂತು. ಮಕ್ಕಳು, ಅವರ ಹಿಂದೆ ಅಪ್ಪಂದಿರು, ಎಲ್ಲ ಅತ್ತ ಓಡಿದರು. ಅದರಲ್ಲಿ ತುಂಬಾ ಜನ ವಾಪಸ್ ಬರಲೇ ಇಲ್ಲ, ಅವರು ಬಂದಿದ್ದೇ ಅದನ್ನು ನೋಡೋಕೆ ಅನ್ನಿಸುತ್ತದೆ. ನಾಯಕರ ಭಾಷಣ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ದನಿ ಇದೆ, ಎಲ್ಲಿ ನಿಲ್ಲಿಸಬೇಕು ಗೊತ್ತಿದೆ. ಮೊದಲು ದಾವಣಗೆರೆ ಬೆಣ್ಣೆ ದೋಸೆ ಹೊಗಳಿದರು, ಚಪ್ಪಾಳೆ. ಆದರೆ ಸುಮ್ನೆಓದುವವರು ಹೇಳಿದ್ದು ನಿಜ, ಮುಕ್ಕಾಲು ಪಾಲು ನಾನು ಮೊಬೈಲಿನಲ್ಲಿ ಮೊದಲೇ ಕೇಳಿದ್ದು. ನಾಲೆ ನೀರಿನ ಮಾತು ಬರುತ್ತದೇನೋ ಅಂತ ಕಾದೆ. ಬರಲಿಲ್ಲ. ವಿಚಿತ್ರ ಅಂದರೆ ವಾಪಸ್ ಬರುವಾಗ ಹುಬ್ಬಳ್ಳಿಯ ಇಬ್ಬರೂ ಮಾತಾಡಿದ್ದು ಆ ಹೆಂಗಸಿನ ಬಗ್ಗೆ. ಇಬ್ಬರದೂ ಊರಲ್ಲಿ ಹೊಲ ಇದೆ.

ಸುಮ್ನೆಓದುವವನು:

ನಾನು ಹೇಳಿದ್ದು ನಿಜ ಅಂತ ಒಪ್ಪಿದ್ದಕ್ಕೆ ಸಂತೋಷ. ಆದರೆ ಆ ಸದಸ್ಯೆ ಮಾತಾಡಿದ್ದು ಕೇಳಬೇಕು ಅನ್ನಿಸಿ ಯೂಟ್ಯೂಬ್ ತೆಗೆದೆ. ಲೈವ್ ಶುರುವಾಗಿರೋದೇ ಹೆಲಿಕಾಪ್ಟರ್ ಇಳಿಯುವಾಗ. ಬೇರೆ ಚಾನೆಲ್‌ಗಳಲ್ಲೂ ಅಷ್ಟೇ.

ಶಾಮಿಯಾನ_ಸೌಂಡ್:

ಹಾಗೇ ಇರುತ್ತದೆ. ಕ್ಯಾಮೆರಾದವರು ಪಕ್ಷದವರು ಗೊತ್ತು ಮಾಡಿದವರು, ನಾಯಕರ ಬೆಂಗಾವಲು ಪಡೆಯಿಂದ ಫೋನ್ ಬಂದ ಮೇಲೇ ಆನ್ ಮಾಡೋದು. ಟಿವಿಯವರಿಗೂ ಅದೇ ಫೀಡ್ ಹೋಗುತ್ತದೆ. ಅಲ್ಲಿಯವರೆಗೆ ಹುಡುಗರು ನೆರಳಲ್ಲಿ ಮಲಗಿರುತ್ತಾರೆ.

ಮಲೆಬೆನ್ನೂರಿನಾಕೆ:

ಅವರು ಯಾವ ಊರಿನವರು ಅಂತ ನನಗೆ ಅಂದಾಜಾಯಿತು, ಇಲ್ಲಿ ಬರೆಯುವುದಿಲ್ಲ. ಯಾರಾದರೂ ಮೊಬೈಲಿನಲ್ಲಿ ಹಿಡಿದಿದ್ದರೆ ಕಳಿಸಿ, ನಮ್ಮ ಸಂಘದ ಗ್ರೂಪಿಗೆ ಹಾಕುತ್ತೇನೆ.

ದೋಸೆಪ್ರಿಯ:

ಶಿವಮೊಗ್ಗದವನ ಹತ್ತಿರ ಒಂದು ನಿಮಿಷದ್ದು ಇದೆ. ಅರ್ಧ ಸ್ಕ್ರೀನ್ ಅವನ ಹೆಬ್ಬೆರಳು, ಆದರೆ ಮಾತು ಸ್ಪಷ್ಟವಾಗಿದೆ. ಇವತ್ತು ರಾತ್ರಿ ಕಳಿಸುತ್ತೇನೆ.